ಮಂಜಿನ ಲಂಡನ್ನಿನಲ್ಲಿ ಶುಂಠಿ ಟೀ

ಚಾಮರಾಜಪೇಟೆಯ ಮಹಾನಂದ ನರ್ಸ್ ಆಗುತ್ತೇನೆಂದು ಹಟ ಹಿಡಿದದ್ದು ಯುದ್ಧ ಮುಗಿದ ವರ್ಷ. ನೆಂಟರೆಲ್ಲ ಮೂಗು ಮುರಿದರು. ಕಂಡವರ ಬಾಣಂತಿತನ ಮಾಡುವ ಹುಡುಗಿಯನ್ನು ಯಾರು ಮದುವೆಯಾಗುತ್ತಾರೆ ಎಂದರು. ಪೇಟೆಯಲ್ಲಿ ಜವಳಿ ಅಂಗಡಿ ಇಟ್ಟಿದ್ದ ಅವಳ ತಂದೆ ಏಕಾಂತಯ್ಯ ಹೆಚ್ಚು ಮಾತಿನವರಲ್ಲ. ಅಂದು ಮಾತ್ರ ಬಾಯಿ ಬಿಟ್ಟರು.

"ಹೆರಿಗೆಗೆ ಸೂತಕ ಇಲ್ಲ ಅಂತ ತಲೆತಲಾಂತರದಿಂದ ಹೇಳ್ಕೊಂಡು ಬಂದಿರೋ ಮನೆ ನಮ್ದು. ಅದು ಬರೀ ಬಾಯ್ಮಾತಾ? ಹೋಗಮ್ಮ, ಕಲಿ."

ಮಹಾನಂದ ಕಲಿತಳು. ಊರಿನ ಹೆರಿಗೆ ಆಸ್ಪತ್ರೆಯಲ್ಲಿ ಹಗಲು ರಾತ್ರಿ ದುಡಿದಳು. ೧೯೫೨ರಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಹೆಚ್ಚಿನ ತರಬೇತಿಗೆ ಜಾಗ ಸಿಕ್ಕಾಗ, ಬೀದಿಯವರೆಲ್ಲ ಅವಳನ್ನು ಬೀಳ್ಕೊಡಲು ಸಿಟಿ ಸ್ಟೇಷನ್ನಿಗೆ ಬಂದಿದ್ದರು. ಬೊಂಬಾಯಿಯಲ್ಲಿ ಹಡಗು ಹತ್ತಿದಳು.

ಅಲ್ಲಿಯ ಚಳಿ ಅವಳಿಗೆ ಒಗ್ಗಿತು, ಬೇಯಿಸಿದ ಆಲೂಗಡ್ಡೆಯೂ ಒಗ್ಗಿತು. ಟೀ ಒಗ್ಗಲಿಲ್ಲ. ಊರಲ್ಲಿ ಬೀದಿಗೆ ಬೀದಿಯೇ ಕಾಫಿ ಕುಡಿಯುತ್ತಿದ್ದ ಕಾಲದಲ್ಲೂ ಅವರ ಮನೆಯಲ್ಲಿ ಟೀಯದೇ ದರ್ಬಾರು. ವ್ಯಾಪಾರಕ್ಕೆಂದು ಹುಬ್ಬಳ್ಳಿಗೆ ಹೋಗಿ ಬಂದು ಏಕಾಂತಯ್ಯ ಹಚ್ಚಿಕೊಂಡಿದ್ದ ಅಭ್ಯಾಸ ಅದು. ತಾಯಿ ಬಸವಮ್ಮ ಶುಂಠಿ ಜಜ್ಜಿ ಹಾಕಿ, ಟೀ ಸೊಪ್ಪೂ ಹಾಲೂ ಒಟ್ಟಿಗೆ ಕುದಿದು ಮೇಲೇಳುವ ತನಕ ಒಲೆಯ ಮುಂದಿನಿಂದ ಕದಲುತ್ತಿರಲಿಲ್ಲ. ನರ್ಸುಗಳ ಹಾಸ್ಟೆಲಿನಲ್ಲಿ ಸಿಗುತ್ತಿದ್ದುದು ಬಣ್ಣದ ಬಿಸಿನೀರು, ಅದರ ಮೇಲೆ ತಣ್ಣನೆ ಹಾಲು. ಸಕ್ಕರೆಗೂ ಅಲ್ಲಿ ಇನ್ನೂ ರೇಷನ್.

ನವೆಂಬರಿನ ಒಂದು ಶನಿವಾರ ಪೂರ್ವ ಲಂಡನ್ನಿನ ಇಕ್ಕಟ್ಟು ಬೀದಿಯೊಂದರಲ್ಲಿ ನಡೆದು ಹೋಗುತ್ತಿದ್ದಾಗ ಶುಂಠಿಯ ವಾಸನೆ ಬಂತು. ಮಹಾನಂದ ನಿಂತಳು. ವಾಸನೆ ಹಿಡಿದು ಹೋದರೆ, ನಾಲ್ಕು ಮೇಜುಗಳ ಸಣ್ಣ ಹೋಟೆಲು. ಒಳಗೆ ಹಡಗಿನ ಕೆಲಸದವರು ಕೂತಿದ್ದರು. ಮಾಲೀಕ ಸೋನಾ ಮಿಯಾ ಪೂರ್ವ ಬಂಗಾಳದ ಸಿಲ್ಹೆಟ್ ಕಡೆಯವನು. ಹಡಗಿನಲ್ಲಿ ಅಡುಗೆ ಮಾಡಿಕೊಂಡಿದ್ದವನು ಇಲ್ಲೇ ಇಳಿದು, ಮೇರಿ ಎಂಬ ಐರಿಷ್ ಹೆಣ್ಣನ್ನು ಮದುವೆಯಾಗಿ ನೆಲೆ ನಿಂತಿದ್ದ.

ಪೇಟೆಯಲ್ಲಿ ಕಿವಿಗೆ ಬಿದ್ದ ಉರ್ದುವಿನಲ್ಲೇ ಮಹಾನಂದ ಟೀ ಕೇಳಿದಳು. ಪಾತ್ರೆಯಲ್ಲಿ ಉಕ್ಕಿ ಬಂದ ಟೀಯನ್ನು ಅವನು ಲೋಟಕ್ಕೆ ಬಗ್ಗಿಸಿ ತಂದಿಟ್ಟ. ಒಂದು ಗುಟುಕು ಕುಡಿದವಳೇ ಗೋಡೆಯ ಕಡೆ ಮುಖ ತಿರುಗಿಸಿದಳು.

"ಚೆನ್ನಾಗಿಲ್ವಾ, ಬೆಹೆನ್?" ಎಂದ ಸೋನಾ ಮಿಯಾ.

"ನಮ್ಮಮ್ಮ ಮಾಡಿದ ಹಾಗೇ ಇದೆ," ಎಂದಳು.

ಅಂದಿನಿಂದ ಶನಿವಾರ ಬಿಡುವಾದರೆ ಅವಳ ದಾರಿ ಅದೇ. ಮೇರಿ ತುಂಬು ಬಸುರಿ. ಒಂದೊಂದು ಸಲ ಬಂದು ಜೊತೆಗೆ ಕೂರುತ್ತಿದ್ದಳು.

ಡಿಸೆಂಬರಿನಲ್ಲಿ ಲಂಡನ್ನಿಗೆ ಹೊಗೆ ಬೆರೆತ ಮಂಜು ಕವಿಯಿತು. ಚಾಚಿದ ಕೈ ಚಾಚಿದವರಿಗೇ ಕಾಣದು. ಬಸ್ಸುಗಳು ನಿಂತವು. ಆ ಶನಿವಾರವೂ ಮಹಾನಂದ ಮೂಗಿಗೆ ಬಟ್ಟೆ ಕಟ್ಟಿಕೊಂಡು, ದಾರಿ ಬದಿಯ ಕಬ್ಬಿಣದ ಕಟಕಟೆ ಸವರುತ್ತ ಹೋಟೆಲಿಗೆ ಬಂದರೆ ಒಲೆ ಉರಿಯುತ್ತಿರಲಿಲ್ಲ. ಸೋನಾ ಮಿಯಾ ಬಾಗಿಲಲ್ಲೇ ನಿಂತಿದ್ದ.

"ಮೇರಿಗೆ ನೋವು ಶುರುವಾಗಿದೆ, ಬೆಹೆನ್. ಸೂಲಗಿತ್ತಿಗೆ ಹೇಳಿ ಕಳಿಸಿ ಎಷ್ಟೋ ಹೊತ್ತಾಯ್ತು. ಈ ಮಂಜಲ್ಲಿ ಯಾರೂ ಬರ್ತಿಲ್ಲ."

ಮಹಾನಂದ ಕೋಟು ಬಿಚ್ಚಿದಳು. "ಒಲೆ ಹಚ್ಚಿ. ನೀರು ಕಾಯಿಸಿ. ಒಗೆದ ಬಟ್ಟೆ ಎಷ್ಟಿದೆಯೋ ಅಷ್ಟೂ ಮೇಲಕ್ಕೆ ತನ್ನಿ," ಎಂದು ಹೋಟೆಲಿನ ಮೇಲಿದ್ದ ಅವರ ಮನೆಯ ಮೆಟ್ಟಿಲು ಹತ್ತಿದಳು.

ಮಗು ಬರುವಾಗ ಹೊಕ್ಕುಳಬಳ್ಳಿ ಕೊರಳಿಗೆ ಸುತ್ತಿಕೊಂಡಿತ್ತು. ಬೆರಳು ತೂರಿಸಿ ಬಳ್ಳಿಯನ್ನು ತಲೆಯ ಮೇಲಿಂದ ಬಿಡಿಸಿದಳು. ಹೆಣ್ಣು ಮಗು. ನೀಲಿಗಟ್ಟಿತ್ತು, ಅಳಲಿಲ್ಲ. ಬಾಯಿ ಒರೆಸಿ, ಬೆನ್ನು ಉಜ್ಜಿ, ಪುಟ್ಟ ಮುಖಕ್ಕೆ ಬಾಯಿಟ್ಟು ಮೆಲ್ಲಗೆ ಉಸಿರು ಊದಿದಳು. ಬಾ ಕಂದ, ಬಾ ಎಂದು ಕನ್ನಡದಲ್ಲೇ ಕರೆಯುತ್ತಿದ್ದುದು ಅವಳಿಗೇ ಗೊತ್ತಿರಲಿಲ್ಲ. ಇನ್ನೊಂದು ಸಲ ಊದಿದಳು. ಮಗು ಬಿಕ್ಕಿತು, ಆಮೇಲೆ ಮನೆ ತುಂಬ ಅತ್ತಿತು.

ಆ ಸುತ್ತಿನ ಹೆರಿಗೆಗಳನ್ನು ನೋಡಿಕೊಳ್ಳುವ ಹಿರಿಯ ಸೂಲಗಿತ್ತಿ ಸೈಕಲ್ ತಳ್ಳಿಕೊಂಡು ಬಂದು ಮುಟ್ಟುವ ಹೊತ್ತಿಗೆ ಮಗು ಬೆಚ್ಚಗೆ ಮಲಗಿತ್ತು. ಆಕೆ ತಾಯಿಯನ್ನೂ ಮಗುವನ್ನೂ ಸಾವಕಾಶವಾಗಿ ಪರೀಕ್ಷಿಸಿದಳು.

"ನನಗೆ ನೀನು ಏನೂ ಕೆಲಸ ಉಳಿಸಿಲ್ಲ. ಎಲ್ಲಿಯವಳಮ್ಮ ನೀನು?"

"ಬೆಂಗಳೂರು," ಎಂದಳು ಮಹಾನಂದ. ಆ ಹೆಸರನ್ನು ಅಷ್ಟು ಗಟ್ಟಿಯಾಗಿ ಆ ದೇಶದಲ್ಲಿ ಅವಳು ಹೇಳಿದ್ದು ಅದೇ ಮೊದಲು.

ಸೋನಾ ಮಿಯಾ ಎರಡು ಕೈಯಲ್ಲಿ ಹಿಡಿದು ಟೀ ತಂದ. "ಮೊದಲು ತಾಯಿಗೆ ಕೊಡಿ," ಎಂದಳು ಮಹಾನಂದ. ಮೇರಿ ಅರ್ಧ ಕುಡಿದು, ಉಳಿದರ್ಧವನ್ನು ಮಹಾನಂದಳ ಕೈಗಿತ್ತಳು. ಎಂಜಲು ಅನ್ನದೆ ಅವಳು ಅದನ್ನು ಕುಡಿದಳು.

ಮರು ವರ್ಷ ಬೇಸಿಗೆಯಲ್ಲಿ ಮಹಾನಂದ ಊರಿಗೆ ಮರಳಿದಳು. ರಾತ್ರಿ ಊಟಕ್ಕೆ ಕೂತಾಗ ಈ ಸಂಗತಿಯನ್ನೆಲ್ಲ ಹೇಳಿದಳು. ಬಸವಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, "ಮಗೂಗೆ ಏನು ಹೆಸರಿಟ್ರೇ?" ಎಂದು ಕೇಳಿದರು.

"ನಂದಾ ಅಂತ, ಅಮ್ಮ. ಮೇರಿನೇ ಇಟ್ಟಿದ್ದು."

ಮರುದಿನ ಬೆಳಗ್ಗೆ ಏಕಾಂತಯ್ಯ ಒಗೆದ ರುಮಾಲು ಸುತ್ತಿಕೊಂಡು, "ಬಾಮ್ಮ, ಸ್ವಲ್ಪ ಅಂಗಡಿ ಕಡೆ ಹೋಗ್ಬರೋಣ," ಎಂದರು. ನೇರ ಅಂಗಡಿಗೆ ಹೋಗಲಿಲ್ಲ. ಪೇಟೆಯ ಉದ್ದಕ್ಕೂ ಗುರುತಿನವರ ಅಂಗಡಿ ಅಂಗಡಿಯ ಮುಂದೆ ನಿಂತರು. ಪ್ರತಿ ಅಂಗಡಿಯಲ್ಲೂ ಅವರು ಆಡಿದ್ದು ಒಂದೇ ಮಾತು: "ಇವಳು ನನ್ನ ಮಗಳು. ಹೆರಿಗೆ ಮಾಡಿಸ್ತಾಳೆ."