ಬಿಡೋ, ಬಾಚಣಿಗೆ!

ನಮ್ಮ ಮಾವ ಓಡಿಸುತ್ತಿದ್ದ ಸಿಟಿ ಬಸ್ಸಿಗೆ ಹಾರ್ನ್ ಇದ್ದದ್ದು ದಂಡಕ್ಕೆ. ಯಾರಾದರೂ ಅಡ್ಡ ಬಂದರೆ ಕಿಟಕಿಯಿಂದ ತಲೆ ಹೊರಗೆ ಹಾಕಿ ಒಂದು ಸಲ ಕೂಗುತ್ತಿದ್ದರು, ಅಷ್ಟೇ. ಲಾರಿಗಳೂ ಪಕ್ಕಕ್ಕೆ ಸರಿಯುತ್ತಿದ್ದವು. "ಹಾರ್ನ್ ಹೊಡೆದ್ರೆ ಯಾರಿಗೆ ಹೊಡೆದ್ರು ಅಂತ ಯಾರಿಗೂ ಗೊತ್ತಾಗಲ್ಲ. ಬೈದ್ರೆ ಬೈಸ್ಕೊಂಡವನಿಗೆ ಗೊತ್ತಾಗುತ್ತೆ" ಎನ್ನುವುದು ಅವರ ವಾದ. ಮನೆಯಲ್ಲೂ ಅದೇ ಕಥೆ. ಬಚ್ಚಲಿನಿಂದ ಟವೆಲ್ ಕೇಳಿದರೆ ಎದುರುಮನೆಯವರು ಎದ್ದು ತಂದುಕೊಡಬೇಕು, ಆ ಪರಿ ಕೂಗು. ಅತ್ತೆ ಕಿವಿ ಮುಚ್ಚಿಕೊಂಡು, "ರೀ, ನಾನೇನು ಊರಾಚೆ ಇದ್ದೀನಾ? ಇಲ್ಲೇ ಬಾಗಿಲ ಹಿಂದೆ ಇದ್ದೀನಿ" ಎಂದು ಗೊಣಗುತ್ತಿದ್ದರು.

ಮಾವ ಎಂದರೆ ನನ್ನಮ್ಮನ ತಮ್ಮ. ಅವರಿಗೆ ಮಕ್ಕಳಿಲ್ಲ. ನನಗೆ ಅಪ್ಪ ಇದ್ದರೂ ಫುಟ್‌ಬಾಲಿನ ಮಟ್ಟಿಗೆ ಇಲ್ಲದ ಹಾಗೆಯೇ. ಇಪ್ಪತ್ತೆರಡು ಜನ ದೊಡ್ಡವರು ಒಂದು ಚೆಂಡಿಗೆ ಜಗಳವಾಡುವುದನ್ನು ದುಡ್ಡು ಕೊಟ್ಟು ಯಾಕೆ ನೋಡಬೇಕು ಎನ್ನುವ ಜಾತಿ. ಹೀಗಾಗಿ ನಾನು ಮಾವನ ಪಾಲಿಗೆ ಬಿದ್ದೆ. ಅವರ ಹೆಗಲ ಮೇಲೆ ಕೂತು ಆಟ ನೋಡಿದವಳು ಈಗ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುತ್ತೇನೆ. ಆಟವಿದ್ದ ದಿನ ಅರ್ಧ ದಿನ ರಜೆ ಹಾಕಿ ಮೈದಾನಕ್ಕೆ ಓಡುತ್ತೇನೆ. ನಮ್ಮ ಜಾಗ ಖಾಯಂ: ಪೂರ್ವದ ಸ್ಟ್ಯಾಂಡಿನ ಮೊದಲ ಸಾಲು, ಕಬ್ಬಿಣದ ಕಂಬಿಗೆ ಒತ್ತಿಕೊಂಡು. ನಮ್ಮದು ದೊಡ್ಡ ತಂಡವಲ್ಲ, ಟಿವಿಯವರು ಈ ಕಡೆ ತಲೆ ಹಾಕುವವರಲ್ಲ. ಆದರೆ ಮೈದಾನ ಚಿಕ್ಕದು. ಕಂಬಿಯ ಆಚೆ ಎರಡು ಮಾರು ದೂರದಲ್ಲಿ ಗೆರೆ. ಗೆರೆಗುಂಟ ಓಡುವ ವಿಂಗರ್‌ನ ಉಸಿರು ನಮಗೆ ಕೇಳುತ್ತದೆ, ನಮ್ಮ ಬೈಗುಳ ಅವನಿಗೆ ಕೇಳುತ್ತದೆ.

ಆ ವಿಂಗರ್‌ನನ್ನು ಸ್ಟ್ಯಾಂಡಿನವರೆಲ್ಲ ಕರೆಯುವುದು ಬಾಚಣಿಗೆ ಎಂದು. ಹುಡುಗನಾಗಿ ತಂಡಕ್ಕೆ ಬಂದಾಗ ಅವನಿಗೆ ಹಣೆ ಮುಚ್ಚುವಷ್ಟು ಕೂದಲಿತ್ತು. ಚೆಂಡು ಬರುವ ಮೊದಲೊಮ್ಮೆ, ಚೆಂಡು ಹೋದ ಮೇಲೊಮ್ಮೆ ಅದನ್ನು ಸರಿಮಾಡಿಕೊಳ್ಳುತ್ತಿದ್ದ. ಓಟ ಮಾತ್ರ ಗಾಳಿಯದ್ದು. ರೋಗ ಒಂದೇ, ಚೆಂಡು ಬಿಡುತ್ತಿರಲಿಲ್ಲ. ಎದುರಾಳಿಯೊಬ್ಬನನ್ನು ದಾಟಿದ ಮೇಲೆ ನಿಂತು, ಅವನು ಮತ್ತೆ ಎದ್ದು ಬರುವ ತನಕ ಕಾದು, ಇನ್ನೊಂದು ಸಲ ದಾಟುವ ಚಪಲ. ಅತ್ತ ಗೋಲಿನ ಮುಂದೆ ನಮ್ಮವರು ಕೈ ಎತ್ತಿ ಎತ್ತಿ ಸೋತಿರುತ್ತಿದ್ದರು. ಇವನು ಕೊನೆಗೆ ಮೂಲೆಯ ಬಾವುಟದ ಹತ್ತಿರ, ದಾರಿ ತಪ್ಪಿದ ಕರುವಿನ ಹಾಗೆ ಒಬ್ಬನೇ ನಿಂತಿರುತ್ತಿದ್ದ.

ಆಗ ಏಳುತ್ತಿತ್ತು ಮಾವನ ಕೂಗು. "ಬಿಡೋ! ಬಾಚಣಿಗೆ, ಬಿಡೋ!" 'ಬಿ' ಎನ್ನುವುದು ಗಿಡ್ಡ, ಕೆನ್ನೆಗೆ ಹೊಡೆದ ಹಾಗೆ. 'ಡೋ' ಎನ್ನುವುದು ಉಸಿರು ಮುಗಿಯುವ ತನಕ ಎಳೆದದ್ದು. ಕೊನೆಯಲ್ಲಿ ದನಿ ಸಣ್ಣಗೆ ಒಡೆಯುತ್ತಿತ್ತು. ಒಮ್ಮೆ ಬಾಚಣಿಗೆ ರೇಗಿ, ಆಟದ ನಡುವೆಯೇ ನಮ್ಮ ಕಡೆ ಕೈ ಬೀಸಿ, "ನೀವೇ ಬಂದು ಆಡಿ!" ಎಂದಿದ್ದ. ಯಾರು ಕೂಗಿದ್ದು ಎಂದು ನೋಡಲೂ ಇಲ್ಲ. ಮಾವ ನಿಜಕ್ಕೂ ಕಂಬಿ ಹತ್ತಲು ಹೊರಟರು. ಪಕ್ಕದಲ್ಲಿ ಕೂರುವ ಲೆಕ್ಕದ ಮೇಷ್ಟ್ರು ಷರಟು ಹಿಡಿದು ಎಳೆಯದಿದ್ದರೆ ಹೋಗಿಯೂ ಬಿಡುತ್ತಿದ್ದರು.

ಮನೆಗೆ ಬಂದು ಇದನ್ನೆಲ್ಲ ವರದಿ ಒಪ್ಪಿಸಿದರೆ ಅತ್ತೆಯದು ಒಂದೇ ಉತ್ತರ. "ಆ ಹುಡುಗ ಚೆಂಡು ಬಿಡ್ತಾನೋ ಇಲ್ವೋ, ಮೊದ್ಲು ನೀವು ಆ ಹಾಳು ಆಟ ಬಿಡಿ."

ಮಾವನ ದನಿ ಕಟ್ಟಿದಾಗ ನಾವು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಕೂಗಿ ಕೂಗಿ ಗಂಟಲು ಹರಿದುಕೊಂಡಿದ್ದಾರೆ ಎಂದುಕೊಂಡೆವು. ಬಿಸಿನೀರು ಕುಡಿದರು, ಉಪ್ಪುನೀರು ಮುಕ್ಕಳಿಸಿದರು. ಕೊನೆಗೆ ಆಸ್ಪತ್ರೆಗೆ ಹೋದಾಗ ಡಾಕ್ಟರು ಸುತ್ತಿಬಳಸದೆ ಹೇಳಿದರು: ಗಡ್ಡೆ ಇದೆ, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಜೀವಕ್ಕೆ ತೊಂದರೆಯಿಲ್ಲ, ಮಾತು ಮಾತ್ರ ಹೋಗುತ್ತದೆ. ಆಪರೇಷನ್ನಿನ ದಿನ ಬೆಳಗ್ಗೆ ನರ್ಸಮ್ಮ ಬಂದು, "ಮನೆಯವರ ಹತ್ರ ಏನಾದ್ರೂ ಮಾತಾಡೋದಿದ್ರೆ ಈಗ್ಲೇ ಮಾತಾಡಿ" ಎಂದು ಹೇಳಿ ಬಾಗಿಲು ಎಳೆದುಕೊಂಡು ಹೋದಳು. ಅತ್ತೆ ಮಂಚದ ಪಕ್ಕ ಕೂತರು. ಮಾವ ಇದ್ದಬದ್ದ ದನಿಯನ್ನೆಲ್ಲ ಸೇರಿಸಿ ಕೇಳಿದರು: "ಮನೆಗೆ ಬೀಗ ಹಾಕಿದ್ಯಾ?"

"ಹಾಕಿದ್ದೀನಿ" ಎಂದರು ಅತ್ತೆ. ಅಷ್ಟರಲ್ಲಿ ಗಾಲಿ ಮಂಚ ಬಂತು.

ಇದನ್ನು ಅತ್ತೆ ಈಗಲೂ ಕ್ಷಮಿಸಿಲ್ಲ. "ಇಷ್ಟು ವರ್ಷದ ಸಂಸಾರಕ್ಕೆ ಎಂಥಾ ಮಾತಲ್ಲಿ ಮಂಗಳ ಹಾಡಿದ್ರು ನೋಡೆ" ಎಂದು ನಗಿಸುತ್ತಾರೆ. ನಗುವುದು ನಾವು ಮಾತ್ರ.

ಮಾವ ಉಳಿದರು. ಕತ್ತಿನಲ್ಲೊಂದು ತೂತು, ಅದರ ಮೇಲೆ ಅತ್ತೆ ಹೊಲಿದ ತೆಳುಬಟ್ಟೆ. ಗಂಟಲಿಗೆ ಒತ್ತಿಕೊಂಡು ಮಾತಾಡುವ ಒಂದು ಯಂತ್ರ ಕೊಟ್ಟಿದ್ದರು. ಎರಡು ದಿನ ಪ್ರಯತ್ನಿಸಿದರು. "ಮಿಕ್ಸಿ ಜೊತೆ ಸಂಸಾರ ಮಾಡ್ದಂಗಾಗ್ತಿದೆ" ಎಂದು ಅತ್ತೆ ಅಂದದ್ದೇ ನೆಪ, ಅದು ಕಪಾಟು ಸೇರಿತು. ಡಿಪೋದವರು ಅವರಿಗೆ ರಸ್ತೆ ಬಿಡಿಸಿ, ಅಂಗಳದಲ್ಲಿ ಬಸ್ಸುಗಳನ್ನು ಸಾಲಾಗಿ ನಿಲ್ಲಿಸುವ ಕೆಲಸ ಕೊಟ್ಟರು. ಅಲ್ಲಿ ಅವರು ಮೊದಲ ಸಲ ಹಾರ್ನ್ ಹೊಡೆಯುವುದನ್ನು ಕಲಿತರು. ಆಸ್ಪತ್ರೆಯಲ್ಲಿ ಕಣ್ಣೀರು ಹಾಕದ ಅತ್ತೆ ಅತ್ತದ್ದು ಮನೆಗೆ ಬಂದ ಮೇಲೆ, ಒಂದು ಬೆಳಗ್ಗೆ ಬಚ್ಚಲೊಳಗಿಂದ ಚಪ್ಪಾಳೆ ಕೇಳಿಸಿದಾಗ. ಮಾವನಿಗೆ ಟವೆಲ್ ಬೇಕಾಗಿತ್ತು.

ಮಾವನ ತುಟಿ ಓದಲು ಬರುವುದು ಅತ್ತೆಗೊಬ್ಬರಿಗೇ. ಓದಿದ್ದನ್ನು ಓದಿದ ಹಾಗೆ ಹೇಳುವ ಪೈಕಿ ಅವರಲ್ಲ. ಮಾವ ಎರಡು ಮಾತಾಡಿದರೆ ಅತ್ತೆ ನಾಲ್ಕು ಸೇರಿಸಿ, "ಹಾಗಂತಾರೆ ಇವರು. ನನ್ನ ಕೇಳಿದ್ರೆ ಅದು ತಪ್ಪು" ಎಂದು ತೀರ್ಪನ್ನೂ ಕೊಡುತ್ತಿದ್ದರು.

ಅಂಥ ಅತ್ತೆ ಒಂದು ಮಧ್ಯಾಹ್ನ ಒಬ್ಬರೇ ನನ್ನ ಅಂಗಡಿಗೆ ಬಂದರು. ಗಿರಾಕಿಗಳು ಹೋಗುವ ತನಕ ಸ್ಟೂಲಿನ ಮೇಲೆ ಕೂತಿದ್ದು, ಆಮೇಲೆ ಕೇಳಿದರು. "ನಿನ್ನ ಫೋನಲ್ಲಿ ಇವರ ದನಿ ಏನಾದ್ರೂ ಉಳಿದಿದ್ಯಾ?"

ನಾನು ಎಲ್ಲವನ್ನೂ ಜಾಲಾಡಿದೆ. ಏನೂ ಇರಲಿಲ್ಲ. ಮಾವನಿಗೆ ಫೋನೆಂದರೆ ಆಗುತ್ತಿರಲಿಲ್ಲ. ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ ಇರುವವರೇ ಅವರಿಗೆ ಬೇಕಾದವರು. ನನ್ನ ಮದುವೆಯ ವಿಡಿಯೊದಲ್ಲಿ ಅವರ ಬಾಯಿ ಆಡುತ್ತದೆ, ಅದರ ಮೇಲೆ ಯಾವುದೋ ಹಾಡು ಹಾಕಿದ್ದಾರೆ.

"ನನಗೆ ಮರೀತಾ ಬಂದಿದೆ ಕಣೆ" ಎಂದರು ಅತ್ತೆ. "ಏನೇನು ಅಂತಿದ್ರು ಅನ್ನೋದೆಲ್ಲ ನೆನಪಿದೆ. ಹೇಗೆ ಅಂತಿದ್ರು ಅನ್ನೋದು ಜಾರ್ತಾ ಇದೆ. ಕಿವಿ ಮುಚ್ಕೊಂಡು ಮುಚ್ಕೊಂಡು ಹೀಗಾಯ್ತೇನೋ." ನಾನು ಅವರ ಕನ್ನಡಕ ತೆಗೆದು ಒರೆಸಿ ಕೊಟ್ಟೆ.

ಬಾಚಣಿಗೆ ಚೆನ್ನಾಗಿ ಆಡತೊಡಗಿದ್ದೂ ಆ ಕಾಲದಲ್ಲೇ. ಎಲ್ಲರೂ ಕೈ ತೊಳೆದುಕೊಂಡ ಮೇಲೆ, ಇವನು ಮನೆಗೆ ಹೋಗುವ ವಯಸ್ಸಾಯಿತು ಎಂದು ಪತ್ರಿಕೆಯವರೂ ಬರೆದ ಮೇಲೆ. ಕೂದಲು ಪೂರ್ತಿ ಹೋಗಿತ್ತು, ಓಟವೂ ಅರ್ಧ ಹೋಗಿತ್ತು. ಮೊದಲೆಲ್ಲ ತನ್ನ ಕಾಲನ್ನೇ ನೋಡುತ್ತಿದ್ದವನು ಈಗ ಚೆಂಡು ಬರುವ ಮುಂಚೆಯೇ ತಲೆಯೆತ್ತಿ ನೋಡಿರುತ್ತಿದ್ದ. ಚೆಂಡು ಕಾಲಿಗೆ ತಗುಲಿತೋ ಇಲ್ಲವೋ, ಅದು ಹೋಗಬೇಕಾದ ಕಡೆ ಹೋಗಿಯಾಗಿರುತ್ತಿತ್ತು. ಎದುರಾಳಿ ಇನ್ನೂ ಇವನ ಕಾಲ ಸುತ್ತ ಹುಡುಕುತ್ತಿರುವಾಗ ಅತ್ತ ಗೋಲು. ಅಷ್ಟೇ ಅಲ್ಲ, ಹಿಂದಕ್ಕೆ ಓಡಿಬಂದು ನಮ್ಮ ಡಿಫೆಂಡರ್‌ಗೆ ಹೆಗಲು ಕೊಡುತ್ತಿದ್ದ. ಹಿಂದೆ ಈ ಮೈದಾನಕ್ಕೆ ಇನ್ನೊಂದು ಅರ್ಧವಿದೆ ಎನ್ನುವುದೇ ಅವನಿಗೆ ಗೊತ್ತಿದ್ದ ಹಾಗಿರಲಿಲ್ಲ.

"ಕೂದಲು ಹೋಯ್ತು, ಆಟ ಬಂತು" ಎಂದರು ಲೆಕ್ಕದ ಮೇಷ್ಟ್ರು. "ಮೊದ್ಲೇ ಬೋಳಿಸಿದ್ರೆ ನಾವು ಎಲ್ಲೋ ಇರ್ತಿದ್ವಿ."

ಹಿಂದಿನ ಸಾಲಿನವರು ನಕ್ಕರು. ಆ ನಗುವಿನಲ್ಲಿ ಸಂತೋಷವಿತ್ತು, ಸ್ವಲ್ಪ ಸಂಕಟವೂ ಇತ್ತು. ಇಷ್ಟು ಒಳ್ಳೆಯದು ಇಷ್ಟು ತಡವಾಗಿ ಬಂದರೆ ಖುಷಿಪಡುವಾಗಲೂ ಒಂದು ಕಣ್ಣು ಗಡಿಯಾರದ ಮೇಲೇ ಇರುತ್ತದೆ. ಅವನು ಒಂದೊಂದು ಸಲ ಚೆಂಡು ಬಿಟ್ಟಾಗಲೂ ಮಾವ ಬಾಯಿ ತೆರೆಯುತ್ತಿದ್ದರು. ಕತ್ತಿನ ಬಟ್ಟೆ ಒಮ್ಮೆ ಉಬ್ಬುತ್ತಿತ್ತು, ಅಷ್ಟೇ. ಮರುಕ್ಷಣ ನನ್ನ ಬೆನ್ನಿಗೆ ಗುದ್ದು. ಆ ಇಡೀ ವರ್ಷ ನನ್ನ ಬೆನ್ನೇ ಅವರ ಗಂಟಲಾಗಿತ್ತು.

ಈ ವರ್ಷದ ಆಟಗಳು ಮುಗಿದ ಮೇಲೆ ಬಾಚಣಿಗೆ ಆಡುವುದನ್ನೇ ನಿಲ್ಲಿಸುತ್ತಾನಂತೆ ಎಂದು ಸುದ್ದಿ ಬಂದ ದಿನ ಮಾವ ಊಟದ ತಟ್ಟೆ ಪಕ್ಕಕ್ಕೆ ಸರಿಸಿದರು. ತುಟಿ ಆಡಿತು. ಅತ್ತೆ ನನಗೆ ಹೇಳಿದರು: "'ಬೈಯೋಕೆ ಅಷ್ಟು ವರ್ಷ ಗಂಟಲಿತ್ತು, ಹೊಗಳೋ ಹೊತ್ತಿಗೆ ಇಲ್ವಲ್ಲ' ಅಂತಾರೆ. ಒಂದೇ ಒಂದು ಸಲ ಅವನಿಗೆ ಭೇಷ್ ಅನ್ಬೇಕಂತೆ." ಅವರದೇ ತೀರ್ಪಿಗಾಗಿ ನಾನು ಕಾದೆ. "ನಾನೇ ಬಂದು ಹೇಳ್ತೀನಿ ಬಿಡಿ" ಎಂದರು.

ಕೊನೆಯ ಆಟದ ಮಧ್ಯಾಹ್ನ ಅತ್ತೆ ಮದುವೆಮನೆಗೆ ಹೊರಟವರ ಹಾಗೆ ಸಿದ್ಧರಾಗಿದ್ದರು. ಮೈದಾನದೊಳಗೆ ಅವರು ಕಾಲಿಡುವುದು ಅದೇ ಮೊದಲು. ಮನೆಯ ಮೆಟ್ಟಿಲಿಳಿಯುವಾಗ ಮಾವ ತಿರುಗಿ ತುಟಿ ಆಡಿಸಿದರು. "ಹಾಕಿದ್ದೀನಿ, ಹಾಕಿದ್ದೀನಿ" ಎಂದರು ಅತ್ತೆ, ಬೀಗದ ಕೈ ತೋರಿಸುತ್ತ.

ಆಟಕ್ಕೆ ಮುಂಚೆ ಆಟಗಾರರು ಮೈ ಬಿಸಿ ಮಾಡಿಕೊಳ್ಳುವಾಗ ಒಂದು ಚೆಂಡು ಉರುಳಿ ನಮ್ಮ ಕಂಬಿಯ ಬುಡಕ್ಕೆ ಬಂತು. ಹಿಂದೆಯೇ ಬಾಚಣಿಗೆ. ನಾನು ಧೈರ್ಯ ಮಾಡಿ, "ಒಂದ್ನಿಮಿಷ, ನಮ್ಮ ಮಾವ ನಿಮಗೇನೋ ಹೇಳ್ಬೇಕಂತೆ" ಎಂದೆ.

"ಹೇಳಿ ಯಜಮಾನ್ರೇ" ಎಂದು ಹತ್ತಿರ ಬಂದ.

ಮಾವನ ತುಟಿ ಆಡಿತು. ಅತ್ತೆ ಶುರು ಮಾಡಿದರು. "ಇವರಿಗೆ ದನಿ ಇಲ್ಲ ಕಣಪ್ಪ, ನಾನು ಹೇಳ್ತೀನಿ. ತುಂಬಾ ಚೆನ್ನಾಗಿ ಆಡ್ತಿದ್ದೀಯಂತೆ. ಇನ್ನೂ ಎರಡು ವರ್ಷ ಆಡ್ಬೋದಿತ್ತಂತೆ. ಸರಿಯಾಗಿ ಊಟ ಮಾಡ್ತೀಯೋ ಇಲ್ವೋ, ಬಡವಾಗಿದ್ದೀಯ." ಕೊನೆಯದು ಮಾವನ ಮಾತಲ್ಲ ಎಂದು ಯಾರಿಗಾದರೂ ಗೊತ್ತಾಗುತ್ತಿತ್ತು.

ಅವನು ನಕ್ಕು ಕೈ ಮುಗಿದ. ದಿನಕ್ಕೆ ನೂರು ಜನಕ್ಕೆ ಮುಗಿಯುವ ಕೈ ಅದು. ಚೆಂಡೆತ್ತಿಕೊಂಡು ತಿರುಗಿದವನು ನಿಂತ. "ಅಮ್ಮಾ, ಇದೇ ಕಡೆ ಒಬ್ರು ಕೂರ್ತಿದ್ರಲ್ಲ, ಭಾರೀ ಗಂಟಲಿನವರು? ಮುಖ ನೋಡಿಲ್ಲ ನಾನು. ಈಗ ಬರಲ್ವಾ? ಆವಾಗ ಸಿಟ್ಟು ಬರ್ತಿತ್ತು. ಈಗ ಚೆಂಡು ಬರೋವಾಗೆಲ್ಲ ಅವರ ಕೂಗೇ ಕಿವೀಲಿ ಕೇಳುತ್ತೆ, ತಾನಾಗಿ ಬಿಟ್ಬಿಡ್ತೀನಿ. ಹೀಗೆ, ನೋಡಿ, 'ಬಿಡೋ...!'"

'ಬಿ' ಗಿಡ್ಡ, 'ಡೋ' ಉದ್ದ, ಕೊನೆಯಲ್ಲಿ ಸಣ್ಣ ಒಡಕು. ಮಾವ ನನ್ನ ಕೈ ಗಟ್ಟಿಯಾಗಿ ಅದುಮಿದರು, ಹೇಳಬೇಡ ಎನ್ನುವ ಹಾಗೆ. ಅತ್ತೆ ಎರಡೂ ಕೈಯಲ್ಲಿ ಕಂಬಿ ಹಿಡಿದಿದ್ದರು.

"ಇನ್ನೊಂದ್ಸಲ ಅಂದು ತೋರ್ಸಪ್ಪ" ಎಂದರು.

ಅವನಿಗೆ ಹುರುಪು ಬಂತು. ಚೆಂಡನ್ನು ಕಂಕುಳಿಗೆ ಸಿಕ್ಕಿಸಿ, ಬಾಯಿಗೆ ಕೈ ಅಡ್ಡ ಹಿಡಿದು, ಎದೆ ತುಂಬ ಉಸಿರೆಳೆದು ಕೂಗಿದ: "ಬಿಡೋ! ಬಾಚಣಿಗೆ, ಬಿಡೋ...!"

ಪೂರ್ವದ ಸ್ಟ್ಯಾಂಡಿನ ಹಳಬರೆಲ್ಲ ಒಟ್ಟಿಗೆ ತಿರುಗಿ ಮಾವನನ್ನು ನೋಡಿದರು. ಅಭ್ಯಾಸಬಲ. ಲೆಕ್ಕದ ಮೇಷ್ಟ್ರು ಅರ್ಧ ಎದ್ದೇಬಿಟ್ಟಿದ್ದರು. ಬಾಚಣಿಗೆ ಆ ಕಣ್ಣುಗಳನ್ನು ನೋಡಿದ, ಅವು ಎಲ್ಲಿ ನೆಟ್ಟಿವೆ ಎಂದು ನೋಡಿದ, ಮಾವನ ಕತ್ತಿನ ಬಟ್ಟೆ ನೋಡಿದ. ಎತ್ತಿದ ಕೈ ಹಾಗೇ ಇಳಿಯಿತು.

"ನೀವಾ?" ಎಂದ.

ಮಾವ ಕದ್ದು ಸಿಕ್ಕಿಬಿದ್ದವರ ಹಾಗೆ ತಲೆಯಾಡಿಸಿದರು. ಆಮೇಲೆ ಕಂಬಿಯ ಮೇಲಿಂದ ಬಗ್ಗಿ, ಅವನ ಬೋಳುತಲೆಯ ಮೇಲೆ ಅಂಗೈ ಇಟ್ಟರು. ತುಟಿ ಸ್ವಲ್ಪವೇ ಆಡಿತು.

"ಏನಂತಾರೆ?" ಎಂದು ಅವನು ಅತ್ತೆಯನ್ನು ಕೇಳಿದ.

"ಭೇಷ್ ಅಂತಾರೆ" ಎಂದರು ಅತ್ತೆ. ತಮ್ಮದೊಂದೂ ಸೇರಿಸದೆ ಅವರು ದಾಟಿಸಿದ ಮೊದಲ ಮಾತು ಅದು.

ಆಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗೆದ್ದೆವು. ಗೋಲಿಗೆ ದಾರಿ ಮಾಡಿಕೊಟ್ಟವನು ಅವನೇ. ಅವನು ಚೆಂಡು ಬಿಟ್ಟ ರೀತಿಯನ್ನು ಮೇಷ್ಟ್ರು ಇನ್ನು ಹತ್ತು ವರ್ಷ ವರ್ಣಿಸುತ್ತಾರೆ, ನಾವೂ ಕೇಳುತ್ತೇವೆ. ಅತ್ತೆ ಆಟ ನೋಡಿದರೋ ಇಲ್ಲವೋ ನಾನರಿಯೆ. ಅವರು ತಲೆ ಒಂದು ಪಕ್ಕಕ್ಕೆ ವಾಲಿಸಿಕೊಂಡು, ಏನನ್ನೋ ಚೆಲ್ಲದ ಹಾಗೆ ಹಿಡಿದುಕೊಂಡವರಂತೆ ಕೂತಿದ್ದರು.

ವಾಪಸ್ ಬರುವಾಗ ಬಸ್ಸಿನಲ್ಲಿ ಮಾವನ ಪಕ್ಕ ಅತ್ತೆ, ಹಿಂದಿನ ಸೀಟಿನಲ್ಲಿ ನಾನು.

"'ಡೋ' ಇನ್ನೂ ಸ್ವಲ್ಪ ಎಳೀಬೇಕಿತ್ತು" ಎಂದರು ಅತ್ತೆ ನನ್ನ ಕಡೆ ತಿರುಗಿ. "ಕೊನೇಲಿ ಒಡೆಯೋದು ಮಾತ್ರ ಥೇಟ್ ಹಾಗೇ ಇತ್ತು. ಅಲ್ವಾ?"

"ಹೌದು ಅತ್ತೆ."

"ಮುಂದಿನ ಆಟ ಯಾವತ್ತು? ನಾನೂ ಬರ್ತೀನಿ."

"ಅತ್ತೆ, ಅವನದು ಇವತ್ತೇ ಕೊನೇದಲ್ವಾ?"

ಅದು ಅವರಿಗೆ ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದೇ ಬಂದವರು, ಗೊತ್ತಿದ್ದೂ ಕೇಳಿದ್ದರು. ಕಿಟಕಿಯ ಕಡೆ ಮುಖ ಮಾಡಿದರು. ಮಾವ ಅವರ ಮೊಣಕೈ ಮುಟ್ಟಿ ತುಟಿ ಆಡಿಸಿದರು. ಎರಡೇ ಅಕ್ಷರ. ಅಷ್ಟನ್ನು ಓದಲು ನನಗೂ ಬಂತು: ಬಿಡು.

"ಬಿಡೋದಾ?" ಎಂದರು ಅತ್ತೆ. ಮುಂದಿನ ಸೀಟಿನವರು ತಿರುಗಿ ನೋಡುವಷ್ಟು ಜೋರಾಗಿತ್ತು. "ಊರಿಗೆಲ್ಲ ಕೇಳೋ ಹಾಗೆ ಕೂಗಿ ಕೂಗಿ, ನನ್ನ ಕೈಗೆ ಬರೀ ಬೀಗ ಕೊಟ್ರಿ. ನಾನು ಬಿಡಲ್ಲ." ಮೂಗು ಒರೆಸಿಕೊಂಡು ನನ್ನ ಕಡೆ ತಿರುಗಿದರು. "ಆ ಹುಡುಗನ ಮನೆ ಎಲ್ಲಿದೆ ಅಂತ ವಿಚಾರ್ಸು ಕಣೆ."