ಮಾವನ ದನಿಗೊಬ್ಬ ಡ್ಯೂಪ್

"ನೀರು ಬೇಕು ಅಂತ ಅಪ್ಪನ ದನಿಯಲ್ಲಿ ಹೇಳು. ನಗಿಸಬೇಡ ಮಾರಾಯ."

ಕಳೆದ ಭಾನುವಾರ ಕಾಪುವಿನಲ್ಲಿ ನನಗೆ ಸಿಕ್ಕಿದ ಪ್ರೋಗ್ರಾಂ ಇದು. ಬುಕ್ ಮಾಡಿದವಳು ಮಾವನ ಮಗಳು ಶ್ವೇತಾ. ಪ್ರೇಕ್ಷಕರು ಅವಳು, ಅತ್ತೆ ಮತ್ತು ಗಾಲಿಕುರ್ಚಿಯಲ್ಲಿ ಸದಾಶಿವ ಮಾವ. (ಮಾತೆಲ್ಲ ತುಳುವಿನಲ್ಲಿ. ನಿಮಗಾಗಿ ಕನ್ನಡ.)

ನನ್ನ ಕಸುಬು ಮಿಮಿಕ್ರಿ. ಕಾರ್ಕಳದ ರಿಸೆಪ್ಶನ್ ಇರಲಿ, ಉಡುಪಿಯ ಕಾಲೇಜ್ ಡೇ ಇರಲಿ, ಕಂಡವರ ದನಿ ಮಾಡಿ ಊಟ ಮಾಡುವವನು. (ನನ್ನ ಸ್ವಂತ ದನಿಗೆ ಈವರೆಗೆ ಯಾರೂ ಚಪ್ಪಾಳೆ ತಟ್ಟಿಲ್ಲ, ಅಮ್ಮನೂ ಸೇರಿ.) ನನ್ನ ಹಿಟ್ ಐಟಂ ಈ ಮಾವನೇ. ಮಲ್ಪೆ ಬಂದರಿನಲ್ಲಿ ಬೋಟು ಬಂದು ನಿಲ್ಲುವ ದಕ್ಕೆಯಲ್ಲಿ ಮೀನು ಏಲಂ ಕೂಗುತ್ತಿದ್ದವರು. ಬೋಟಿನ ಇಂಜಿನ್ನನ್ನೂ ಸುಮ್ಮನಾಗಿಸುವ ಗಂಟಲು.

ಹೋದ ವರ್ಷ ಆ ಗಂಟಲು ತೊದಲಿತು. ದಕ್ಕೆಯವರು ಎಂತ ಹೇಳಿದರು? "ಸದಾಶಿವಣ್ಣ ಈಗ ಬೆಳಿಗ್ಗೆಯೇ ಹಾಕಿ ಬರ್ತಾರೆ." ಹನಿ ಮುಟ್ಟದ ಮನುಷ್ಯ! ಅತ್ತೆಯೇ ಒಮ್ಮೆ ಬಾಯಿ ಮೂಸಿ ನೋಡಿದರಂತೆ.

ಮಣಿಪಾಲದ ಆಸ್ಪತ್ರೆಯಲ್ಲಿ ಕಾಯಿಲೆಗೆ ಹೆಸರು ಸಿಕ್ಕಿತು: ಮೋಟಾರ್ ನ್ಯೂರಾನ್ ಡಿಸೀಸ್. ಸ್ನಾಯುಗಳನ್ನು ಆಡಿಸುವ ನರಕೋಶಗಳು ಸಾಯುತ್ತಾ ಹೋಗುವ ಕಾಯಿಲೆ. ಡಾಕ್ಟರು ಹೇಳಿದ ಪ್ರಕಾರ ಟಿಡಿಪಿ-43 ಎಂಬ ಪ್ರೋಟೀನ್ ಉಂಟು (ಬಸ್ಸಿನ ನಂಬರಿನಂಥ ಹೆಸರು). ಕೋಶದ ನ್ಯೂಕ್ಲಿಯಸ್ಸಿನಲ್ಲಿದ್ದು, ಆರ್‌ಎನ್‌ಎಯಲ್ಲಿ ಬೇಡದ ತುಂಡು ಉಳಿಯದಂತೆ ನೋಡಿಕೊಳ್ಳುವುದು ಅದರ ಕೆಲಸ. ಈ ರೋಗ ಬಂದ ಹೆಚ್ಚಿನವರಲ್ಲಿ ಅದು ಕೆಲಸ ಬಿಟ್ಟು ನ್ಯೂಕ್ಲಿಯಸ್ಸಿನ ಹೊರಗೆ ಗಂಟು ಕಟ್ಟಿ ಕೂರುತ್ತದಂತೆ.

ಮಾವ ತೊದಲುತ್ತಲೇ ಕೇಳಿದರು: "ಅಂದ್ರೆ ಮೀನು ಕೊಯ್ಯುವವಳು ಕತ್ತಿ ಬಿಟ್ಟು ರಸ್ತೆಯಲ್ಲಿ ಹರಟೆಗೆ ಕೂತ ಹಾಗೆ, ಅಲ್ವಾ? ಅವಳನ್ನು ವಾಪಸು ಕರೆಯಲಿಕ್ಕೆ ಮದ್ದು ಉಂಟಾ?"

ಮೊದಲ ಪ್ರಶ್ನೆಗೆ ಡಾಕ್ಟರು ನಕ್ಕರು. ಎರಡನೆಯದಕ್ಕೆ ನಗು ನಿಂತಿತು.

"ದನಿ ಇರುವಾಗಲೇ ರೆಕಾರ್ಡ್ ಮಾಡಿಡಿ. ಮುಂದೆ ನೀವು ಟೈಪ್ ಮಾಡಿದ್ದನ್ನು ಟ್ಯಾಬ್ಲೆಟ್ ಕಂಪ್ಯೂಟರು ನಿಮ್ಮ ದನಿಯಲ್ಲೇ ಹೇಳ್ತದೆ" ಎಂದರು.

"ಬೋಟು ಮೇಲೆ ಹಾಕಿದ ಮೇಲೆ ನೋಡುವ" ಎಂದರು ಮಾವ. ನಮ್ಮ ಮೀನಿನವರ ಮುಹೂರ್ತ ಅದು! ಮಳೆಗಾಲದಲ್ಲಿ ಮೀನುಗಾರಿಕೆ ನಿಂತು ಬೋಟನ್ನು ದಡಕ್ಕೆ ಎಳೆದ ಮೇಲೆಯೇ ಮನೆ ರಿಪೇರಿ, ಹುಳುಕು ಹಲ್ಲು, ಅಣ್ಣತಮ್ಮಂದಿರ ಜಗಳ ಎಲ್ಲ. ಮಳೆಗಾಲ ಬಂತು. ಬೋಟು ಮೇಲೇರಿತು. ಅಷ್ಟರಲ್ಲಿ ದನಿ ಹೊರಟುಹೋಗಿತ್ತು.

ಹಾಗಾಗಿ ಡ್ಯೂಪ್ ನಾನು. ರೆಕಾರ್ಡ್ ಮಾಡಿ ಟ್ಯಾಬ್ಲೆಟ್‌ಗೆ ಹಾಕಲು ಶ್ವೇತಾ ಫೋನ್ ಹಿಡಿದಳು. ನಾನು ಎದೆಯುಬ್ಬಿಸಿ ಶುರುಮಾಡಿದೆ. "ನೀರು ಬೇಕು." "ಬೆನ್ನು ತುರಿಸ್ತದೆ." "ಉಸಿರು ಕಟ್ತದೆ." ಅಸಲಿ ಸದಾಶಿವ! ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

ಮಾವನ ಬೆರಳು ಇನ್ನೂ ಆಡುತ್ತದೆ. ಟ್ಯಾಬ್ಲೆಟ್‌ನಲ್ಲಿ ಒಂದೊಂದೇ ಅಕ್ಷರ ಒತ್ತಿದರು: "ಇದು ದಕ್ಕೆಯ ದನಿ. ಮನೆಯದ್ದು ಬೇಕು."

ಮನೆಯದ್ದು? ಅದನ್ನು ನಾನು ಕೇಳಿಯೇ ಇರಲಿಲ್ಲ.

"ಅತ್ತೆ, ಮಾವ ಮನೆಯಲ್ಲಿ ನೀರು ಹೇಗೆ ಕೇಳ್ತಿದ್ರು?"

"ಕೇಳ್ತಾ ಇರ್ಲಿಲ್ಲ ಮಗಾ. ಮುಖ ನೋಡಿದ್ರೆ ನನಗೆ ಗೊತ್ತಾಗ್ತಿತ್ತು."

ಈಗ ಆ ಮುಖದ ಸ್ನಾಯುಗಳೂ ಆಡುವುದಿಲ್ಲ.

ಶ್ವೇತಾ ಫೋನ್ ಪೂರ್ತಿ ಹುಡುಕಿದಳು. ಏಲಂ ಕೂಗುವ ವಿಡಿಯೊ ಬೇಕಾದಷ್ಟು ಉಂಟು. ಮನೆಯಲ್ಲಿ ಮೆಲ್ಲಗೆ ಆಡುವ ಮಾತನ್ನು ಯಾರಾದರೂ ರೆಕಾರ್ಡ್ ಮಾಡಿಡುತ್ತಾರಾ, ಹೇಳಿ?