ತಕ್ಕಡಿ ಮುಂದಿನ ಚಿತ್ರಾನ್ನ

ಭಾನುವಾರ ಬೆಳಗ್ಗೆ ಒಗ್ಗರಣೆಗೆ ಸಾಸಿವೆ ಹಾಕಿದಾಗೆಲ್ಲ ನನಗೆ ಗುಬ್ಬಿಯ ಆ ಬಯಲೇ ನೆನಪಾಗುತ್ತೆ. ಹುಡುಗರ ಕಬಡ್ಡಿ ಲೀಗು. ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ತಂಡಗಳು. ನಡೆಸೋರು ಸಂಬಳ ಇಲ್ಲದೆ ದುಡಿಯೋ ನಾವು ನಾಲ್ಕೈದು ಜನ; ಹಿರಿಯರು ಅಂದ್ರೆ ರಿಟೈರಾದ ಪಿ.ಟಿ. ಮೇಷ್ಟ್ರು. ಐವತ್ತೈದು ಕೆಜಿ ದಾಟಿದವನು ಆಡೋ ಹಾಗಿಲ್ಲ. ತೂಗೋದು ಕೊಬ್ಬರಿ ಮೂಟೆ ತೂಗೋ ತಕ್ಕಡೀಲಿ.

ತೂಕ ಇಳಿಸೋಕೆ ಹುಡುಗರು ಶನಿವಾರದಿಂದಲೇ ಉಪವಾಸ. ಬೆಳಗ್ಗೆ ಸ್ವೆಟರ್ ಹಾಕ್ಕೊಂಡು ಬೆವರು ಕಿತ್ತು ಬರೋ ಹಾಗೆ ಓಡೋದು, ನೀರೂ ಮುಟ್ಟಲ್ಲ. ನಮ್ಮಜ್ಜಿಯ ಏಕಾದಶೀಲೂ ಇಷ್ಟು ಕಟ್ಟುನಿಟ್ಟು ಕಾಣೆ! ಹೇಳ್ಕೊಳ್ಳೋಕೆ ನಾಚಿಕೆ, "ನಾನು ಕೇಳಿದ್ರೂ ಕೊಡಬೇಡ ಅಮ್ಮ" ಅಂತ ಮಗ ಅಂದ ಅಂತ ನಾನೇ ಅಡುಗೆಮನೆಗೆ ಬೀಗ ಹಾಕ್ತಿದ್ದೆ. ಮೂರು ವರ್ಷ ಹೊರಗೆ ಕೂತಿದ್ದವನಿಗೆ ಆ ವರ್ಷ ತಾನೇ ಉಪ್ಪಾರಹಳ್ಳಿ ತಂಡದಲ್ಲಿ ಜಾಗ ಸಿಕ್ಕಿತ್ತು.

ಸೆಮಿಫೈನಲ್ಲಲ್ಲಿ ಕೊತ್ತಗೆರೆಯ ಹುಡುಗನೊಬ್ಬ ರೈಡಿಗೆ ಬಂದವನು ಹಾಗೇ ಕುಸಿದು ಬಿದ್ದ. ಓಡಿಹೋಗಿ ತಲೆ ತೊಡೆ ಮೇಲಿಟ್ಕೊಂಡು "ಏನು ತಿಂದಿದ್ದೀಯಪ್ಪ?" ಅಂದೆ. "ನಿನ್ನೆ ಒಂದು ಬಾಳೆಹಣ್ಣು ಆಂಟಿ" ಅಂದ.

"ಮೇಷ್ಟ್ರೇ, ಇವೇನು ಮಕ್ಕಳೋ, ಕೊಬ್ಬರಿ ಮೂಟೆಗಳೋ?" ಅಂತ ಕೂಗಾಡಿದೆ.

"ರೂಲ್ಸು ಅಂದ್ರೆ ರೂಲ್ಸು ಕಣಮ್ಮ. ಹುಡುಗರು ಯಾರಾದ್ರೂ ಬೇಡ ಅಂದವ್ರಾ?" ಅಂದ್ರು ಅವರು.

ಫೈನಲ್ ದಿನ ದೊಡ್ಡ ಡಬ್ಬಿ ತುಂಬ ಚಿತ್ರಾನ್ನ ಒಯ್ದು ತಕ್ಕಡಿ ಮುಂದೆ ಇಟ್ಟೆ. "ಮೊದಲು ತಿನ್ನಿ, ಆಮೇಲೆ ತೂಗಿಸ್ಕೊಳ್ಳಿ" ಅಂದೆ. ಎರಡೂ ತಂಡದಲ್ಲಿ ಒಬ್ಬನೂ ಅಲ್ಲಾಡಲಿಲ್ಲ. ಎಲ್ಲರೂ ನನ್ನ ಮಗನ ಮುಖ ನೋಡಿದರು. ಅವತ್ತು ಬೆಳಗ್ಗೆ ಅವನ ತೂಕ ಸರಿಯಾಗಿ ಐವತ್ತೈದು. ಒಂದು ತುತ್ತಿಗೂ ಜಾಗ ಇರಲಿಲ್ಲ. "ಮಾನ ಕಳೀತೀಯ ಕಣಮ್ಮ" ಅಂತ ಹಲ್ಲು ಕಡಿದ. ಡಬ್ಬಿ ಎತ್ಕೊಂಡು ಹೋಗಿಬಿಡೋಣ ಅಂತ ಬಗ್ಗಿದೆ. ಅಷ್ಟರಲ್ಲಿ ಅವನೇ ಕೂತ್ಕೊಂಡು ತಟ್ಟೆ ಎಳ್ಕೊಂಡ. ಎರಡು ಸಲ ಬಡಿಸಿಕೊಂಡು ತಿಂದು, ಕೈ ತೊಳೆದು ತಕ್ಕಡಿ ಹತ್ತಿದ. ಮೇಷ್ಟ್ರು ಮುಳ್ಳು ನೋಡಿದರು, ಅವನನ್ನ ನೋಡಲಿಲ್ಲ. "ಔಟ್" ಅಂದ್ರು.

ಆಮೇಲೆ ಒಬ್ಬೊಬ್ಬರಾಗಿ ಎಲ್ಲ ಹುಡುಗರೂ ಬಂದು ತಿನ್ನೋಕೆ ಕೂತರು. ತಿಂದ ಮೇಲೆ ಒಬ್ಬನೂ ತಕ್ಕಡಿ ಹತ್ತಲಿಲ್ಲ, ಫೈನಲ್ ನಡೀಲೇ ಇಲ್ಲ.

ಮರುವರ್ಷ ಮೇಷ್ಟ್ರೇ ತಕ್ಕಡೀನ ಕೊಬ್ಬರಿ ಮಂಡಿಗೆ ವಾಪಸ್ ಕಳಿಸಿದರು. ತೂಕ ಬೇಡ, ಹದಿನಾರರ ಒಳಗಿನವರು ಆಡ್ಲಿ ಅಂತ ಮಾಡಿದರು. ನನ್ನ ಮಗನಿಗೆ ಆಗ ಹದಿನೇಳು.

ಈಗ ಅವನಿಗೆ ಸತ್ಯಮಂಗಲದ ಫ್ಯಾಕ್ಟರೀಲಿ ಕೆಲಸ. ಭಾನುವಾರ ಆಡೋ ಹುಡುಗರಿಗೆ ಅಂತ ಚಿತ್ರಾನ್ನದ ಡಬ್ಬಿ ಬೈಕಿಗೆ ಕಟ್ಕೊಂಡು ಬಯಲಿಗೆ ಹೋಗೋನು ಅವನೇ. "ಅವತ್ತು ಉಪ್ಪು ಕಮ್ಮಿಯಾಗಿತ್ತು ಕಣಮ್ಮ" ಅಂತ ಈಗಲೂ ರೇಗಿಸ್ತಾನೆ. ಆಡದೇ ಹೋದ ಆ ಫೈನಲ್ ಮಾತು ಮಾತ್ರ ಇವತ್ತಿನವರೆಗೂ ಅವನೂ ಎತ್ತಿಲ್ಲ, ನಾನೂ ಎತ್ತಿಲ್ಲ.